ಅಪ್‌ಡೇಟ್: ಕನ್ನಡಕದಲ್ಲಿ ಕೂರುತ್ತಿದ್ದ ಬಿಳಿ ಚೌಕ ಹೋಯಿತು

ಕೇಳಿದ್ದು ಇಷ್ಟು: ಒಂದೇ ಫ್ಲ್ಯಾಶ್, ಅದರ ಬೆಳಕನ್ನು ಮೃದುವಾಗಿಸುವ ಬಿಳಿ ಬಟ್ಟೆ ಮುಖದ ಡಬ್ಬಿ, ಅಂದರೆ 90 ಸೆಂ.ಮೀ. ಸಾಫ್ಟ್‌ಬಾಕ್ಸ್. ಕನ್ನಡಕ ಹಾಕಿದವರ ಪೋರ್ಟ್ರೇಟ್‌ನಲ್ಲಿ ಗಾಜಿನ ತುಂಬ ಸಾಫ್ಟ್‌ಬಾಕ್ಸ್‌ನದೇ ಬಿಂಬ, ಕಣ್ಣೇ ಕಾಣುವುದಿಲ್ಲ. ಉತ್ತರಿಸಿದ ಎಲ್ಲರಿಗೂ ಧನ್ಯವಾದ.

ತಪ್ಪಿದ್ದದ್ದು ಲೈಟಿನ ಎತ್ತರದಲ್ಲಿ. ಬೆಳಕು ಗಾಜಿಗೆ ಬಿದ್ದ ಕೋನದಲ್ಲೇ ವಾಪಸ್ ಚಿಮ್ಮುತ್ತದೆ. ಲೈಟು ಮುಖದ ಮಟ್ಟದಲ್ಲಿದ್ದರೆ ಅದು ಸೀದಾ ಲೆನ್ಸಿಗೇ ಬರುತ್ತದೆ. ಈಗ ಸಾಫ್ಟ್‌ಬಾಕ್ಸನ್ನು ಪಕ್ಕಕ್ಕೆ 45 ಡಿಗ್ರಿ ಇಟ್ಟು, ಕೆಳ ಅಂಚು ಹಣೆಗಿಂತ ಮೇಲೆ ಬರುವಷ್ಟು ಏರಿಸಿ ಕೆಳಕ್ಕೆ ಬಾಗಿಸಿದ್ದೇನೆ. ಕನ್ನಡಕದ ಕಡ್ಡಿಗಳನ್ನು ಕಿವಿಯಿಂದ ಒಂದು ಸೆಂ.ಮೀ.ನಷ್ಟು ಮೇಲೆತ್ತಿದರೆ ಗಾಜು ನೆಲದ ಕಡೆ ವಾಲುತ್ತದೆ, ಉಳಿದ ಹೊಳಪೂ ಮಾಯ. ಅತಿಯಾಗಿ ಎತ್ತಿದರೆ ಫ್ರೇಮಿನ ನೆರಳು ಕಣ್ಣಿನ ಮೇಲೇ ಬೀಳುತ್ತದೆ, ಎಚ್ಚರ.

ಲೈಟು ಏರಿದ್ದರಿಂದ ಕಣ್ಣಿನ ಗುಳಿ ಕಪ್ಪಾಯಿತು. ಅದಕ್ಕೆ ಬೆಳಕನ್ನು ಮುಖಕ್ಕೆ ಮರಳಿಸಲು ಎದೆಯ ಮಟ್ಟದಲ್ಲಿ, ಫೋಟೋದಲ್ಲಿ ಕಾಣದಂತೆ, ಬಿಳಿ ಥರ್ಮಾಕೋಲ್ ಹಲಗೆ. ಅದೂ ಗಾಜಿನಲ್ಲಿ ಕಂಡರೆ ಇನ್ನಷ್ಟು ಕೆಳಗಿಳಿಸಿ.

ಪೋಲರೈಸರ್ (ಹೊಳಪು ತಗ್ಗಿಸಲು ಲೆನ್ಸಿಗೆ ಹಾಕುವ ಫಿಲ್ಟರ್) ಬಳಸಿ ಎಂಬ ಸಲಹೆ ನನಗೆ ಹಿಡಿಸಲಿಲ್ಲ. ಒಂದೂವರೆ ಸ್ಟಾಪ್ ಬೆಳಕು ನುಂಗುತ್ತದೆ (ಒಂದು ಸ್ಟಾಪ್ ಕಡಿಮೆ ಎಂದರೆ ಬೆಳಕು ಅರ್ಧ, ಹೆಚ್ಚು ಎಂದರೆ ದುಪ್ಪಟ್ಟು). ಗಾಜಿನ ಲಂಬಕ್ಕೆ ಸುಮಾರು 56 ಡಿಗ್ರಿ ಓರೆಯಲ್ಲಿ ಬರುವ ಹೊಳಪಿಗಷ್ಟೇ ಅದು ಪೂರ್ತಿ ಕೆಲಸಕ್ಕೆ ಬರುವುದು, ನೇರ ಮುಖಕ್ಕಲ್ಲ.

ಸೆಟ್ಟಿಂಗ್: ಐಎಸ್‌ಒ 100, ಎಫ್/8, 1/160 ಸೆಕೆಂಡ್. ಹಿನ್ನೆಲೆಯ ಬೂದು ಗೋಡೆ ಫೋಟೋದಲ್ಲಿ ಕಪ್ಪಾಗುತ್ತಿದ್ದದ್ದು ದೂರದ ಲೆಕ್ಕ: ಮುಖ ಲೈಟಿನಿಂದ 1 ಮೀಟರ್, ಗೋಡೆ 3 ಮೀಟರ್ ಇದ್ದರೆ ಗೋಡೆಗೆ ಸಿಗುವುದು ಒಂಬತ್ತನೇ ಒಂದು ಪಾಲು. ಕುರ್ಚಿಯನ್ನೂ ಲೈಟನ್ನೂ ಒಟ್ಟಿಗೇ ಒಂದು ಮೀಟರ್ ಗೋಡೆಯ ಕಡೆಗೆ ಸರಿಸಿದ ಮೇಲೆ ಗೋಡೆ ಒಂದು ಸ್ಟಾಪ್‌ಗೂ ಹೆಚ್ಚು ಬೆಳಗಿತು.