ಮುಚ್ಚಿದ ಜಾಡಿಯಲ್ಲಿ ಜೀವ ಉಳಿಸಿದವರು ಇದ್ದೀರಾ? ಅನುಭವ ಹೇಳಿ

ಹೊಸಜಾಡಿ: 5 ಲೀಟರಿನ ಗಾಜಿನ ಜಾಡಿ ಇದೆ. ಕೆಸರು, ಹೈಡ್ರಿಲ್ಲಾ ಅನ್ನೋ ನೀರುಗಿಡ, 6 ಬಸವನಹುಳು, 2 ಪುಟ್ಟ ಮೀನು ಬಿಟ್ಟು ಮುಚ್ಚಳ ಬಿಗಿ ಮಾಡುವ ಯೋಚನೆ. ಆಮೇಲೆ ಒಳಗೆ ಹೋಗೋದು ಬೆಳಕು ಮಾತ್ರ. ಮೀನು ಬದುಕುತ್ತವಾ? ಕಿಟಕಿಯಲ್ಲೇ ಇಡಬಹುದಾ? ಮಾಡಿ ನೋಡಿದವರು ಹೇಳಿ.

ಕೆಸರುಗೈ: ಮೂರು ಜಾಡಿ ಕಳಕೊಂಡವನು ನಾನು. ಮೊದಲನೆಯದು ಬಾಳಿದ್ದು 9 ರಾತ್ರಿ. ರಾತ್ರಿ ಲೆಕ್ಕದಲ್ಲೇ ಹೇಳ್ತೀನಿ, ಯಾಕಂದ್ರೆ ಸಾಯೋದು ಆಗಲೇ. ಕತ್ತಲಾದ ಮೇಲೆ ಗಿಡವೂ ಆಮ್ಲಜನಕ ಎಳೆಯೋ ಗಿರಾಕಿಯೇ. ನಾಲ್ಕನೇ ದಿನ ಬೆಳಗಿನ ಜಾವ ಟಾರ್ಚ್ ಬಿಟ್ಟು ನೋಡಿದೆ: ಮೀನು ನೀರಿನ ಮೇಲ್ಪದರಕ್ಕೆ ಬಾಯಿ ಹಚ್ಚಿ ಪಚಪಚ ಅಂತಿತ್ತು, ಬಸವನಹುಳುಗಳೆಲ್ಲ ಗಾಜು ಹತ್ತಿ ಮುಚ್ಚಳದ ಕೆಳಗೆ ಸಾಲಾಗಿ ಕೂತಿದ್ದವು. ಬಿಸಿಲು ಬಂದ ಮೇಲೆ ಇಳಿದವು, ನಾನೂ ಸುಮ್ಮನಾದೆ. 10ನೇ ದಿನ ತೆರೆದರೆ ಕೊಳೆತ ಮೊಟ್ಟೆ ವಾಸನೆ, ಕೆಸರೆಲ್ಲ ಕಪ್ಪು. ಮೂರನೆಯದಕ್ಕೆ ಮೀನೇ ಹಾಕಿರಲಿಲ್ಲ, ಆದರೂ ಹೋಯಿತು. ಗೊಬ್ಬರದಂಥ ಕೆಸರು ಮೂರು ಬೆರಳು ದಪ್ಪ ತುಂಬಿದ್ದೆ. ಅದರಲ್ಲಿದ್ದ ಸೂಕ್ಷ್ಮಜೀವಿಗಳೇ ಉಸಿರೆಲ್ಲ ಕುಡಿದು ಮುಗಿಸಿದವು.

ಗುಳ್ಳೆ: ನನ್ನದು ಮುಚ್ಚಿ 3 ವರ್ಷ 2 ತಿಂಗಳು. ಹೈಡ್ರಿಲ್ಲಾ, ಬಸವನಹುಳು, ಅಷ್ಟೇ. ಬಿಸಿಲು ಬಿದ್ದರೆ ಸಾಕು, ಮುರಿದ ಕಾಂಡದ ತುದಿಯಿಂದ ಮಣಿ ಪೋಣಿಸಿದ ಹಾಗೆ ಗುಳ್ಳೆ ಏಳ್ತವೆ. ಗಾಜಿಗೆ ಹತ್ತಿದ ಪಾಚಿಯಲ್ಲಿ ಹುಳು ಕೆರೆದ ಅಂಕುಡೊಂಕು ಗೆರೆ ಕಾಣುತ್ತೆ. ಒಮ್ಮೆ ಅವು 40 ದಾಟಿದವು, ಪಾಚಿ ಖಾಲಿ, ಒಂದೇ ತಿಂಗಳಲ್ಲಿ 7ಕ್ಕೆ ಇಳಿದವು. ನಾನು ಕೈ ಹಾಕಲಿಲ್ಲ. ಲೆಕ್ಕ ಸರಳ: ಗಿಡ ಕಟ್ಟಿದ 1000 ಕಿಲೋಜೂಲಿನಲ್ಲಿ ತಿಂದವನ ಮೈಗೆ ಹತ್ತೋದು 100, ಅವನನ್ನು ತಿಂದವನಿಗೆ 10. ಉಳಿದದ್ದು ಬಿಸಿಯಾಗಿ, ಹಿಕ್ಕೆಯಾಗಿ ಹೋಯಿತು. ಜಾಡಿಯಲ್ಲಿ ಮೀನು ಅಂದ್ರೆ ದುರಾಸೆ.

ಕೆಸರುಗೈ: ದುರಾಸೆ ಅಂತ ಯಾರಿಗೆ ಹೇಳಿದ್ರಿ?

ಲೆಕ್ಕಿಗ: ಶೇ 10 ಅನ್ನೋದು ಶಾಸನ ಅಲ್ಲ, ಅಂದಾಜು. 1942ರಲ್ಲಿ ಪರಿಸರ ವಿಜ್ಞಾನಿ ಲಿಂಡೆಮನ್ ಅಮೆರಿಕದ ಸೀಡರ್ ಬಾಗ್ ಕೆರೆಯ ಲೆಕ್ಕ ಪ್ರಕಟಿಸಿದಾಗ ಸಸ್ಯ ತಿನ್ನುವವರ ದಕ್ಷತೆ ಶೇ 13.3, ಅವನ್ನು ತಿನ್ನುವವರದು ಶೇ 22.3 ಬಂದಿತ್ತು. ಬಿಸಿಲಿನಲ್ಲಿ ಗಿಡ, ಪಾಚಿ ಹಿಡಿದದ್ದು ಬರೀ ಶೇ 0.1. ಇನ್ನು ಹಿಕ್ಕೆ 'ಹೋಯಿತು' ಅಂತೀರಲ್ಲ, ವಿಘಟಕರ, ಅಂದ್ರೆ ಕೊಳೆಸುವ ಸೂಕ್ಷ್ಮಜೀವಿಗಳ, ಬದುಕೇ ಅದು. ನಾನೂ ಶುದ್ಧ ಮಾಡುವ ಹುಚ್ಚಿಗೆ ಸತ್ತ ಎಲೆ, ಕೆಸರು ಎಲ್ಲ ತೆಗೆದು ಮುಚ್ಚಿದ್ದೆ. 5 ತಿಂಗಳಿಗೆ ಹೊಸ ಚಿಗುರು ಬಿಳಿಚಿತು. ಬೆಳಕು ಬೇಕಾದಷ್ಟಿತ್ತು, ತಿರುಗಿ ಸಿಗಬೇಕಾದ ಸಾರಜನಕ, ರಂಜಕವೇ ಇರಲಿಲ್ಲ.

ಗುಳ್ಳೆ: 5 ತಿಂಗಳ ಜಾಡಿಯವರು 3 ವರ್ಷದ ಜಾಡಿಯವನಿಗೆ ಪಾಠ ಹೇಳ್ತಿದ್ದೀರಿ. ಚೆನ್ನಾಗಿದೆ.

ಆಳದಹುಳು: ಎಲ್ಲರೂ ಬೆಳಕಿಗೇ ಜೋತುಬಿದ್ದಿದ್ದೀರಿ. 1977ರಲ್ಲಿ ಪೆಸಿಫಿಕ್ ಸಾಗರದ ಗ್ಯಾಲಪಗೋಸ್ ದ್ವೀಪಗಳ ಬಳಿ ಸುಮಾರು 2500 ಮೀಟರ್ ಆಳದಲ್ಲಿ ಬಿಸಿನೀರ ಬುಗ್ಗೆಗಳ ಸುತ್ತ ಜೀವಿಗಳ ಸಂತೆಯೇ ಸಿಕ್ಕಿತು. ಅಲ್ಲಿನ ದೊಡ್ಡ ಕೊಳವೆಹುಳುವಿಗೆ ಬಾಯಿಲ್ಲ, ಕರುಳಿಲ್ಲ. ಮೈಯೊಳಗಿನ ಬ್ಯಾಕ್ಟೀರಿಯಾ ಹೈಡ್ರೋಜನ್ ಸಲ್ಫೈಡ್ ಬಳಸಿ ಆಹಾರ ಕಟ್ಟಿಕೊಡುತ್ತೆ. ಕೆಸರುಗೈ ಅವರ ಜಾಡಿ ನಾರಿದ್ದೂ ಅದೇ ಅನಿಲದಿಂದ. ಉತ್ಪಾದಕ ಅಂದ್ರೆ ಹಸಿರೇ ಆಗಬೇಕಿಲ್ಲ.

ಲೆಕ್ಕಿಗ: ಆ ಸಲ್ಫೈಡ್ ಜೊತೆ ಸೇರಿಸೋ ಆಮ್ಲಜನಕ ಎಲ್ಲಿಂದ ಬಂತು ಸ್ವಾಮಿ? ಮೇಲಿನ ಹಸಿರಿನಿಂದಲೇ.

ಆಳದಹುಳು: ಮೀಥೇನ್ ಮಾಡೋ ಆರ್ಕಿಯಾ ಅನ್ನೋ ಸೂಕ್ಷ್ಮಜೀವಿಗಳಿಗೆ ಅದೂ ಬೇಡ. ಅದಕ್ಕೇನಂತೀರಿ?

ಕೆಸರುಗೈ: ಸಮುದ್ರದ ತಳದಿಂದ ಮೇಲೆ ಬನ್ನಿ ಇಬ್ಬರೂ. ನನ್ನ ಜಾಡಿ ನೋಡಿ ನಗೋರು ಅಮೆರಿಕದಲ್ಲಿ ಜನರನ್ನೇ ಒಳಗಿಟ್ಟು ಮುಚ್ಚಿದ ಗಾಜಿನ ಕಟ್ಟಡ ಬಯೋಸ್ಫಿಯರ್ 2 ನೆನಪಿಸಿಕೊಳ್ಳಿ. 1991ರಲ್ಲಿ 8 ಜನ ಒಳಗೆ ಹೋದರು. ಆಮ್ಲಜನಕ ಶೇ 20.9ರಿಂದ 14.5ರ ಆಸುಪಾಸಿಗೆ ಇಳಿದು, 1993ರ ಜನವರಿಯಲ್ಲಿ ಹೊರಗಿನಿಂದ ತುಂಬಿಸಬೇಕಾಯಿತು. ಅಲ್ಲೂ ಆಗಿದ್ದು ನಾನು ಮಾಡಿದ ತಪ್ಪೇ: ಮಣ್ಣಿನಲ್ಲಿ ಸಾವಯವ ಅಂಶ ಅತಿಯಾಗಿತ್ತು. ಸೂಕ್ಷ್ಮಜೀವಿಗಳು ಬಿಟ್ಟ ಇಂಗಾಲದ ಡೈಆಕ್ಸೈಡನ್ನು ಕಾಂಕ್ರೀಟ್ ಹೀರಿಕೊಂಡಿದ್ದರಿಂದ ಗಿಡಗಳಿಗೂ ಅದು ದಕ್ಕಲಿಲ್ಲ.

ಹೊಸಜಾಡಿ: ಮೀನು ಬೇಡ ಅಂತ ಅರ್ಥ ಆಯ್ತು. ಕಿಟಕಿ ವಿಷಯ ಯಾರೂ ಹೇಳಲಿಲ್ಲ.

ಗುಳ್ಳೆ: ನನ್ನದು ಕಿಟಕಿಯಿಂದ ಎರಡು ಮಾರು ದೂರ. ಉಳಿದವರ ಲೆಕ್ಕ ಲೆಕ್ಕಿಗರನ್ನೇ ಕೇಳಿ.

ಕೆಸರುಗೈ: ನನ್ನ ಎರಡನೇ ಜಾಡಿ ಕಿಟಕಿಯಲ್ಲೇ ಇತ್ತು. ಮಧ್ಯಾಹ್ನ ನೀರು 38 ಡಿಗ್ರಿ. ಬಿಸಿಯಾದಷ್ಟೂ ನೀರಿನಲ್ಲಿ ಆಮ್ಲಜನಕ ಕರಗೋದು ಕಡಿಮೆ, ಹುಳುಗಳು ಉಸಿರಾಡೋದು ಜಾಸ್ತಿ. ಆ ಜಾಡಿಯ ಕಥೆ ಬರೆಯೋಕೆ ಇನ್ನೂ ಮನಸ್ಸಿಲ್ಲ.