ಫ್ಲೇರ್ ಸ್ಟ್ಯಾಕ್‌ಗೆ ನೈಟ್ರೋಜನ್ ಎಷ್ಟು ಬಿಟ್ಟರೆ ಸಾಕು?

ಪ್ರಶ್ನೆ: ಸರ್, ನಮ್ಮ ಫ್ಲೇರ್ (ಬೇಡದ ಗ್ಯಾಸನ್ನು ಎತ್ತರದಲ್ಲಿ ಸುಡುವ ಚಿಮಣಿ) ತುದಿ 600 ಮಿ.ಮೀ. ವ್ಯಾಸದ್ದು, ಗಾಳಿ ಕೆಳಗಿಳಿಯದಂತೆ ತಡೆಯುವ ವೆಲಾಸಿಟಿ ಸೀಲ್ ಇದೆ. ಗಾಳಿ ಒಳಬರದಂತೆ ಬಿಡುವ ನೈಟ್ರೋಜನ್, ಅಂದರೆ ಪರ್ಜ್, ಸದಾ ಹರಿಯುತ್ತದೆ. ಖರ್ಚು ಜಾಸ್ತಿ, ಇಳಿಸಿ ಅಂತ ಮೇಲಿನವರ ಒತ್ತಾಯ. ಹೈಡ್ರೋಜನ್ ಜಾಸ್ತಿ ಇರುವ ಬಿಸಿ ಗ್ಯಾಸ್ ಬಿಟ್ಟು ನಿಲ್ಲಿಸಿದ ಸ್ವಲ್ಪ ಹೊತ್ತಿಗೆ ಸ್ಟ್ಯಾಕ್ ಒಳಗೆ ಢಬ್ ಅಂತ ಸದ್ದಾಗುತ್ತದೆ. ಎಷ್ಟಕ್ಕೆ ಇಳಿಸಬಹುದು?

ಉತ್ತರ: ಸದ್ದು ಬರುತ್ತಿರುವಾಗ ಇಳಿಸುವ ಮಾತೇ ಬೇಡ. ತುದಿಯಿಂದ ಇಳಿದ ಗಾಳಿ ಗ್ಯಾಸ್ ಜೊತೆ ಬೆರೆತು, ತುದಿಯಲ್ಲಿ ಸದಾ ಉರಿಯುವ ಪೈಲಟ್ ಬೆಂಕಿ ತಾಗಿ ಒಳಗೇ ಹೊತ್ತಿಕೊಳ್ಳುತ್ತಿದೆ ಅನ್ನಿಸುತ್ತದೆ.

ಬಿಸಿ ಗ್ಯಾಸ್ ತಣ್ಣಗಾದರೆ ಕುಗ್ಗುತ್ತದೆ. 150 ಡಿಗ್ರಿಯಿಂದ 30 ಡಿಗ್ರಿಗೆ ಇಳಿದರೆ ಕಾಲು ಭಾಗಕ್ಕಿಂತ ಜಾಸ್ತಿ ಜಾಗ ಖಾಲಿಯಾಗುತ್ತದೆ. ಪರ್ಜ್ ಅದನ್ನು ತುಂಬದಿದ್ದರೆ ಹೊರಗಿನ ಗಾಳಿ ತುಂಬುತ್ತದೆ. ಜೊತೆಗೆ ಹೈಡ್ರೋಜನ್ ತುಂಬಾ ಹಗುರ. ಎತ್ತರದ ಸ್ಟ್ಯಾಕ್‌ನಲ್ಲಿ ಅದು ನಿಂತರೆ ಬುಡದಲ್ಲಿ ಒತ್ತಡ ಹೊರಗಿನದಕ್ಕಿಂತ ಕಡಿಮೆಯಾಗುತ್ತದೆ. ಸಡಿಲ ಫ್ಲಾಂಜ್ (ಪೈಪಿನ ಜೋಡಣೆ), ಡ್ರೈನ್ (ನೀರು ಹೋಗುವ ಕೊಳವೆ) ಎಲ್ಲವೂ ಗಾಳಿ ಎಳೆಯುತ್ತವೆ.

ಈಗ ಲೆಕ್ಕ. ವೆಲಾಸಿಟಿ ಸೀಲ್ ಇದ್ದರೆ ಸಾಮಾನ್ಯವಾಗಿ ತುದಿಯಲ್ಲಿ ಸೆಕೆಂಡಿಗೆ 0.006 ರಿಂದ 0.012 ಮೀಟರ್ ವೇಗ ಇಡುತ್ತಾರೆ. ನಿಮ್ಮ ತುದಿಗೆ ಅದು ಗಂಟೆಗೆ ಸುಮಾರು 6 ರಿಂದ 12 ಘನ ಮೀಟರ್. ಆದರೆ ಇಷ್ಟು ಬಿಟ್ಟರೂ ಸೀಲ್ ಕೆಳಗೆ ಆಕ್ಸಿಜನ್ 4 ರಿಂದ 8 ಶೇಕಡಾ ಉಳಿಯಬಹುದು. ನೈಟ್ರೋಜನ್ ಬೆರೆತಾಗ ಮೀಥೇನ್ ಉರಿಯಲು ಸುಮಾರು 12 ಶೇಕಡಾ ಆಕ್ಸಿಜನ್ ಬೇಕು. ಹೈಡ್ರೋಜನ್‌ಗೆ 5 ಸಾಕು. ಅಲ್ಲಿಗೆ ಈ ಅಂಕಿ ನಿಮಗೆ ನೆಮ್ಮದಿ ಕೊಡಬಾರದು, ಅಲ್ವಾ?

ಹಾಗಾಗಿ ಸುಮ್ನೆ ನಿಂತ ದಿನದ ಹರಿವು ನೋಡಿ ತೀರ್ಮಾನ ಬೇಡ. ಬಿಸಿ ಗ್ಯಾಸ್ ನಿಂತ ನಂತರದ ನಿಮಿಷಗಳಿಗೆ ಎಷ್ಟು ಬೇಕೋ ಲೆಕ್ಕ ಹಾಕಿಸಿ, ಆಗ ತಾನಾಗಿಯೇ ಹರಿವು ಏರುವಂತೆ ಏರ್ಪಾಡು ಮಾಡಿ. ನಿಜಕ್ಕೂ ನೈಟ್ರೋಜನ್ ಉಳಿಸಬೇಕಿದ್ದರೆ ಮಾಲಿಕ್ಯುಲರ್ ಸೀಲ್ (ಗ್ಯಾಸಿನ ದಾರಿಯನ್ನು ಮೇಲೆ ಕೆಳಗೆ ತಿರುಗಿಸಿ ಗಾಳಿ ತಡೆಯುವ ಸೀಲ್) ವಿಚಾರಿಸಿ. ಅದಕ್ಕೆ ಸೆಕೆಂಡಿಗೆ ಸುಮಾರು 0.003 ಮೀಟರ್ ವೇಗ ಸಾಕಾಗುತ್ತದೆ. ಅದರ ಡ್ರೈನ್ ಮಾತ್ರ ಕಟ್ಟಿಕೊಳ್ಳಬಾರದು, ನೀರು ನಿಂತರೆ ಗ್ಯಾಸಿನ ದಾರಿಯೇ ಮುಚ್ಚುತ್ತದೆ.

ಪ್ರಶ್ನೆ: ನೈಟ್ರೋಜನ್ ಬದಲು ಸ್ಟೀಮ್ ಬಿಟ್ಟರೆ?

ಉತ್ತರ: ಬೇಡ. ಸ್ಟೀಮ್ ತಣ್ಣಗಾಗಿ ನೀರಾದರೆ ಒಳಗೆ ಒತ್ತಡ ಕುಸಿದು ಗಾಳಿಯನ್ನು ಇನ್ನೂ ಜೋರಾಗಿ ಎಳೆಯುತ್ತದೆ.

ಪ್ರಶ್ನೆ: ಶಟ್‌ಡೌನ್ ಮುಗಿಸಿ ಮತ್ತೆ ಹಚ್ಚುವ ಮೊದಲು ಎಷ್ಟು ಹೊತ್ತು ಬಿಡಬೇಕು?

ಉತ್ತರ: ಹೊತ್ತು ನೋಡಬೇಡಿ, ಆಕ್ಸಿಜನ್ ಅಳೆಯಿರಿ. ಒಳಗಿನ ಗಾಳಿ ಪೂರಾ ಬೆರೆಯುತ್ತದೆ ಅಂದುಕೊಂಡರೂ, ಸ್ಟ್ಯಾಕ್‌ನ ಒಳಜಾಗದ ಮೂರು ಪಟ್ಟು ನೈಟ್ರೋಜನ್ ಹೋದಾಗ 20.9 ಶೇಕಡಾ ಇದ್ದ ಆಕ್ಸಿಜನ್ ಸುಮಾರು 1ಕ್ಕೆ ಇಳಿಯುತ್ತದೆ. ಹೆಡರ್‌ನ (ಸ್ಟ್ಯಾಕ್‌ಗೆ ಗ್ಯಾಸ್ ತರುವ ಮುಖ್ಯ ಪೈಪು) ಕೊನೆ ಕೊಂಬೆಗಳು ಹಾಗಲ್ಲ, ಅಲ್ಲಿ ಗಾಳಿ ಹಾಗೇ ಕೂತಿರುತ್ತದೆ. ಪ್ರತಿ ಕೊಂಬೆಯ ತುತ್ತತುದಿಯಿಂದ ನೈಟ್ರೋಜನ್ ಬಿಡಿ, ಅಲ್ಲೇ ಅಳೆಯಿರಿ. ಸುಡುವ ಗ್ಯಾಸ್ ಇದೆಯಾ ಅಂತ ನೋಡಲು ಕ್ಯಾಟಲಿಟಿಕ್ ಮೀಟರ್ ನಂಬಬೇಡಿ. ಅದು ಗ್ಯಾಸನ್ನು ಸುಟ್ಟು ಅಳೆಯುವುದರಿಂದ ಆಕ್ಸಿಜನ್ ಇಲ್ಲದೆ ಸೊನ್ನೆ ತೋರಿಸಬಹುದು. ಇನ್‌ಫ್ರಾರೆಡ್ ಮೀಟರ್ ಹೈಡ್ರೋಜನ್ನನ್ನು ಕಾಣುವುದೇ ಇಲ್ಲ, ಅದೂ ಗೊತ್ತಿರಲಿ.

ಹರಿವನ್ನು ಕೈ ವಾಲ್ವ್‌ಗೆ ಬಿಡಬೇಡಿ. ಯಾರೋ ತಿರುಗಿಸಿ ಹೋದರೆ ತಿಳಿಯುವುದಿಲ್ಲ. ಆರಿಫೈಸ್ (ಅಳತೆಯ ತೂತಿರುವ ತಟ್ಟೆ) ಹಾಕಿ, ಹರಿವು ಇಳಿದರೆ ಕಂಟ್ರೋಲ್ ರೂಮಿನಲ್ಲಿ ಅಲಾರಂ ಬರಲಿ.