ಬೆಳಕು ಕಡಿಮೆ ಇರುವ ಹೆಂಚಿನ ಮನೆಗೆ ಯಾವ ವೆಬ್‌ಕ್ಯಾಮ್ ಸೂಕ್ತ?

ಪ್ರಶ್ನೆ (ತೀರ್ಥಹಳ್ಳಿಯಿಂದ):
ನಮಸ್ಕಾರ. ನಮ್ಮ ಮನೆಯಲ್ಲಿ ಕ್ಯಾಮೆರಾ ಇಲ್ಲದ ಹಳೆಯ ಡೆಸ್ಕ್‌ಟಾಪ್ ಇದೆ. ಅಮೆರಿಕದಲ್ಲಿರುವ ಮಗಳೊಂದಿಗೆ ಮಾತನಾಡುವಾಗ ಅತ್ತೆಯವರೂ ಸೇರಿ ನಾಲ್ವರೂ ಒಟ್ಟಿಗೆ ಕಾಣಬೇಕೆಂಬುದು ನನ್ನ ಅಪೇಕ್ಷೆ. ಹೆಂಚಿನ ಮನೆಯಾದ್ದರಿಂದ ಮಳೆಗಾಲದಲ್ಲಿ ಹಗಲಿನಲ್ಲೂ ದೀಪ ಹಾಕಬೇಕಾಗುತ್ತದೆ. ಅಂಗಡಿಯವರು 4ಕೆ (ಅತಿ ಹೆಚ್ಚು ಸ್ಪಷ್ಟತೆಯ) ಕ್ಯಾಮೆರಾವನ್ನೇ ಕೊಳ್ಳಿ ಎನ್ನುತ್ತಿದ್ದಾರೆ. ಅದರ ಅಗತ್ಯವಿದೆಯೇ? ತಿಳಿದವರು ದಯವಿಟ್ಟು ತಿಳಿಸಬೇಕು.

ಉತ್ತರ (ಶಿವಮೊಗ್ಗದಿಂದ):
ಖಂಡಿತ ಇಲ್ಲ. ಕ್ಯಾಮೆರಾ ಎಷ್ಟೇ ಸ್ಪಷ್ಟವಾಗಿ ಸೆರೆಹಿಡಿದರೂ ಮಗಳಿಗೆ ತಲುಪುವ ಚಿತ್ರವನ್ನು ನಿರ್ಧರಿಸುವುದು ನಿಮ್ಮ ಇಂಟರ್ನೆಟ್ಟಿನ ಅಪ್‌ಲೋಡ್ ವೇಗ. ವಿಡಿಯೊ ಕರೆಯ ಆ್ಯಪ್ ಆದ ಜೂಮ್ ನೀಡುವ ಲೆಕ್ಕದಂತೆ ಎರಡು ಕಡೆಯ ನಡುವಿನ ಕರೆಯಲ್ಲಿ 720ಪಿ (ಸಾಧಾರಣ ಸ್ಪಷ್ಟತೆಯ) ಚಿತ್ರ ಕಳುಹಿಸಲು ಸೆಕೆಂಡಿಗೆ 1.2 ಮೆಗಾಬಿಟ್ ಸಾಕು, ಅದಕ್ಕಿಂತ ಸ್ಪಷ್ಟವಾದ 1080ಪಿ ಚಿತ್ರಕ್ಕೆ 3.8 ಮೆಗಾಬಿಟ್ ಬೇಕು. ಮೊದಲು ನಿಮ್ಮಲ್ಲಿ ಎಷ್ಟು ಸಿಗುತ್ತದೆಂದು ಪರೀಕ್ಷಿಸಿ.

ನಾಲ್ವರು ಕಾಣಬೇಕಾದರೆ ನೋಡಬೇಕಾದದ್ದು ಮಸೂರದ ಕೋನವನ್ನು, ಅಂದರೆ ಅದು ಎಷ್ಟು ಅಗಲದ ನೋಟ ಹಿಡಿಯುತ್ತದೆಂಬುದನ್ನು. ಲಾಜಿಟೆಕ್ ಕಂಪನಿಯ ವೆಬ್‌ಕ್ಯಾಮ್‌ಗಳಲ್ಲಿ ಸಿ270 ಮಾದರಿಯದು 55 ಡಿಗ್ರಿ, ಸಿ920 ಮಾದರಿಯದು 78 ಡಿಗ್ರಿ. ಆರಡಿ ಅಗಲದಲ್ಲಿ ಕುಳಿತವರೆಲ್ಲರೂ ಚೌಕಟ್ಟಿನೊಳಗೆ ಬರಬೇಕೆಂದರೆ ಮೊದಲನೆಯದರಿಂದ ಆರೇಳು ಅಡಿ ದೂರ ಸರಿಯಬೇಕು, ಎರಡನೆಯದಕ್ಕೆ ನಾಲ್ಕೈದು ಅಡಿ ಸಾಕು. ಮಲೆನಾಡಿನ ಹಳೆಯ ಮನೆಗಳ ಒಳಕೋಣೆಗಳಲ್ಲಿ ಈ ಎರಡಡಿಯೇ ದೊಡ್ಡದು! ಎರಡೂ ಹಳೆಯ ಬಗೆಯ ಯುಎಸ್‌ಬಿ 2.0 ಕಿಂಡಿಯಲ್ಲಿ ಕೆಲಸ ಮಾಡುವುದರಿಂದ ಹಳೆಯ ಗಣಕಯಂತ್ರವೆಂಬ ಅಡ್ಡಿಯಿಲ್ಲ.

ಉತ್ತರ (ಸಾಗರದಿಂದ):
ಮೇಲಿನವರ ಮಾತು ಸರಿ, ಆದರೆ ಬೆಳಕಿಲ್ಲದಿದ್ದರೆ ಸಿ920 ಕೂಡ ನಿಷ್ಪ್ರಯೋಜಕ. ಬೆಳಕು ಸಾಲದಾದಾಗ ಕ್ಯಾಮೆರಾ ಪ್ರತಿಯೊಂದು ಚಿತ್ರಕ್ಕೂ ಹೆಚ್ಚು ಹೊತ್ತು ತೆಗೆದುಕೊಳ್ಳುವುದರಿಂದ ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆ ಇಳಿದು, ಕೈ ಆಡಿಸಿದರೂ ಕಲಸಿದಂತೆ ಕಾಣುತ್ತದೆ. ಕಿಟಕಿ ಬೆನ್ನ ಹಿಂದಿರದೆ ಮುಖದೆದುರು ಇರಲಿ.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ಆದರೆ ಮಗಳಿಗೆ ಬಿಡುವಾಗುವುದು ಅಲ್ಲಿನ ಬೆಳಗ್ಗೆ, ಅಂದರೆ ನಮಗೆ ರಾತ್ರಿ. ಕಿಟಕಿಯಿಂದ ಪ್ರಯೋಜನವಾಗದು.

ಉತ್ತರ (ಸಾಗರದಿಂದ):
ಹಾಗಾದರೆ ಎಲ್‌ಇಡಿ ಬಲ್ಬೊಂದನ್ನು ಮಾನಿಟರಿನ ಹಿಂದಿನ ಬಿಳಿ ಗೋಡೆಯತ್ತ ತಿರುಗಿಸಿಡಿ. ಗೋಡೆಯಿಂದ ಮರಳುವ ಬೆಳಕು ನಾಲ್ವರ ಮುಖದ ಮೇಲೂ ಸಮನಾಗಿ ಬೀಳುತ್ತದೆ, ಕಣ್ಣಿಗೂ ಚುಚ್ಚುವುದಿಲ್ಲ. ಟ್ಯೂಬ್‌ಲೈಟ್ ಇದ್ದು ಚಿತ್ರದಲ್ಲಿ ಪಟ್ಟಿಗಳು ಓಡಿದಂತೆ ಕಂಡರೆ ಕ್ಯಾಮೆರಾದ ಸೆಟ್ಟಿಂಗ್‌ನಲ್ಲಿ 60 ಹರ್ಟ್ಸ್ ಇರಬಹುದು; ಅದು ಅಮೆರಿಕದ ವಿದ್ಯುತ್ತಿನ ಲೆಕ್ಕ. ನಮ್ಮಲ್ಲಿ 50ಕ್ಕೆ ಬದಲಾಯಿಸಬೇಕು.

ಉತ್ತರ (ಹೊಸನಗರದಿಂದ):
ಧ್ವನಿಯ ಬಗ್ಗೆ ಯಾರೂ ಹೇಳಲಿಲ್ಲ. ಹೆಂಚಿನ ಮೇಲೆ ಮಳೆ ಹೊಯ್ಯುವಾಗ ನಾಲ್ಕಡಿ ದೂರದ ವೆಬ್‌ಕ್ಯಾಮ್ ಮೈಕಿಗೆ ಹಿರಿಯರ ಮೆಲುದನಿಗಿಂತ ಮಳೆಯೇ ಜೋರಾಗಿ ಕೇಳುತ್ತದೆ. ನಾಲ್ವರಿಗೆ ಹೆಡ್‌ಫೋನ್ ಆಗದ ಕಾರಣ ಯುಎಸ್‌ಬಿ ಸ್ಪೀಕರ್‌ಫೋನೊಂದನ್ನು (ಮೈಕು, ಸ್ಪೀಕರ್ ಎರಡೂ ಇರುವ ಸಾಧನ) ಅತ್ತೆಯವರ ಹತ್ತಿರವಿಡಿ. 4ಕೆ ಕ್ಯಾಮೆರಾಕ್ಕೆ ತೆರುವ ಹಣದಲ್ಲಿ ಉಳಿದದ್ದನ್ನು ಇದಕ್ಕೆ ಹಾಕುವುದು ಲೇಸು. ಆಷಾಢದಲ್ಲಿ ಮಸೂರಕ್ಕೆ ಬೂಷ್ಟು ಹಿಡಿಯುವುದುಂಟು. ಬಳಸದಿರುವಾಗ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಬಿಗಿಮುಚ್ಚಳದ ಡಬ್ಬಿಯಲ್ಲಿಡಿ.